ಒಂಬತ್ತನೆಯ ಬಿಲ್ಲೆ

ನನ್ನ ಕಾರಿನ ಚಾವಣಿಗೆ, ಒಳಗಡೆಯಿಂದ, ಅಂಗೈಯಗಲದ ಎಣ್ಣೆಯ ಕಲೆಯೊಂದಿದೆ. ಸೀಟಿಗೆ ಕಲೆಯಾಗುವುದು ಸಹಜ, ಕಾಲಡಿಯ ಮ್ಯಾಟಿಗೆ ಆಗುವುದು ಇನ್ನೂ ಸಹಜ. ನೆತ್ತಿಯ ಮೇಲೆ ಹೇಗಾಯಿತು ಎಂದು ಹತ್ತಿದವರೆಲ್ಲ ಕೇಳುತ್ತಾರೆ. ಸರ್ವಿಸಿಂಗಿಗೆ ಬಿಟ್ಟಾಗ ಮೆಕ್ಯಾನಿಕ್ ಕತ್ತು ಹೊರಳಿಸಿ ನೋಡಿದ, ಮೇಲಿನಿಂದ ಏನಾದರೂ ಸೋರುತ್ತಿದೆಯೇ ಎಂದು ಕಾರಿನ ತಲೆಯನ್ನೆಲ್ಲ ತಡವಿದ. ನಾನು ಬ್ರೇಕಿನ ಮಾತು ತೆಗೆದೆ. ನನ್ನ ಹೆಂಡತಿ ರೇಣುಕಾ ಜೊತೆಗಿದ್ದರೆ ಅವಳೇ ಹೇಳುತ್ತಾಳೆ, ಕೇಳದವರಿಗೂ ಕರೆದು ಹೇಳುತ್ತಾಳೆ. ಅವಳ ಬಾಯಿಂದ ಕೇಳಿದರೆ ನನ್ನ ಮಾನ ಮೂರು ಕಾಸಿಗೆ ಹರಾಜಾಗುತ್ತದೆ. ಅದಕ್ಕೇ ನಿಮಗೆ ಮೊದಲು ನಾನೇ ಹೇಳಿಬಿಡುತ್ತೇನೆ.

ನಾನು ಮಸ್ಕಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಸನ್ನೆ, ರಾಟೆ, ಇಳಿಜಾರು ಎಂದು ಸರಳ ಯಂತ್ರಗಳ ಪಾಠವನ್ನು ಇಪ್ಪತ್ತೆರಡು ವರ್ಷದಿಂದ ಮಾಡುತ್ತ ಬಂದಿದ್ದೇನೆ. ಯಂತ್ರ ತಪ್ಪುವುದಿಲ್ಲ, ಮನುಷ್ಯ ತಪ್ಪುತ್ತಾನೆ ಎನ್ನುವುದು ಆ ಪಾಠದ ಕೊನೆಗೆ ನಾನು ಹೇಳುವ ಮಾತು. ಹೇಳಿ, ಕೈಯಲ್ಲಿದ್ದ ಸೀಮೆಸುಣ್ಣವನ್ನು ಠೀವಿಯಿಂದ ಮೇಜಿನ ಮೇಲಿನ ಡಬ್ಬಿಗೆ ಎಸೆಯುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಅದು ಡಬ್ಬಿಯೊಳಗೆ ಬಿದ್ದಿಲ್ಲ. ಹುಡುಗರಿಗೆ ಪಾಠ ನೆನಪಿರುವುದಿಲ್ಲ, ಇದು ನೆನಪಿರುತ್ತದೆ.

ಹೀಗಿರುವಾಗ ಸಿಂಧನೂರಿಗೆ ಕಾರಿನ ತೊಟ್ಟಿಲು ಬಂತು. ಸಿಂಧನೂರಿನ ಪೇಟೆಯಲ್ಲಿ ಕಾರು ನಿಲ್ಲಿಸುವ ಕಷ್ಟ ಹೋದವರಿಗೇ ಗೊತ್ತು. ಮುಂದೆ ಭತ್ತದ ಲಾರಿ, ಹಿಂದೆ ಆಟೋ, ನಡುವೆ ಯಾರದೋ ಟ್ರ್ಯಾಕ್ಟರಿನ ಟ್ರೇಲರು ಮಾತ್ರ ನಿಂತಿರುತ್ತದೆ, ಟ್ರ್ಯಾಕ್ಟರು ಚಹಾ ಕುಡಿಯಲು ಹೋಗಿರುತ್ತದೆ. ಅಲ್ಲಿಯ ಜವಳಿ ಸಾಹುಕಾರರೊಬ್ಬರು ಮೂರು ಅಂತಸ್ತಿನ ಗಾಜಿನ ಅಂಗಡಿ ಕಟ್ಟಿಸಿದರು. ಪಕ್ಕದಲ್ಲಿ ಎರಡು ಕಾರು ನಿಲ್ಲುವಷ್ಟೇ ತುಂಡು ಜಾಗ ಉಳಿದಿತ್ತು. ಅದರಲ್ಲಿ ಹನ್ನೆರಡು ಕಾರು ನಿಲ್ಲಿಸುವ ಮಷೀನು ತರಿಸಿ ನಿಲ್ಲಿಸಿದರು. ಕಾರನ್ನು ನೆಲಮಟ್ಟದ ಕಬ್ಬಿಣದ ಹಲಗೆಯ ಮೇಲೆ ಒಯ್ದು ನಿಲ್ಲಿಸಿ ಇಳಿದು ಬರಬೇಕು. ಗುಂಡಿ ಒತ್ತಿದರೆ ದೊಡ್ಡ ಸರಪಳಿ ತಿರುಗಿ ಹಲಗೆ ಕಾರಿನ ಸಮೇತ ಮೇಲೇರುತ್ತದೆ, ಅದರ ಹಿಂದಿನ ಖಾಲಿ ಹಲಗೆ ಕೆಳಗೆ ಬಂದು ನಿಲ್ಲುತ್ತದೆ. ಹೊರಡುವಾಗ ನಂಬರು ಒತ್ತಿದರೆ ನಿಮ್ಮ ಕಾರು ಆಕಾಶದಿಂದ ತಾನಾಗಿ ಇಳಿದು ಬರುತ್ತದೆ. ಊರಿನವರು ಅದಕ್ಕೆ ಮೊದಲನೇ ದಿನವೇ ತೊಟ್ಟಿಲು ಎಂದು ಹೆಸರಿಟ್ಟರು. ತಮ್ಮ ಕಾರು ತೂಗುವುದನ್ನು ನೋಡಲಿಕ್ಕೆಂದೇ ಬಂದು, ನಾಚಿಕೆಗೆ ಒಂದು ಕರವಸ್ತ್ರ ಕೊಂಡು ಹೋದವರಿದ್ದಾರೆ. ಮುಕ್ಕುಂದದ ರೈತರೊಬ್ಬರು ಎಮ್ಮೆಯನ್ನು ನಿಲ್ಲಿಸಬಹುದೇ ಎಂದು ವಿಚಾರಿಸಿದರಂತೆ.

ಈ ತೊಟ್ಟಿಲಿನ ಬಾಯಲ್ಲಿ ಕುರ್ಚಿ ಹಾಕಿಕೊಂಡು ಕೂತವನು ನನ್ನ ಸೋದರಮಾವ ದುರುಗಪ್ಪ. ಮಾವ ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತನಾಗಿ, ಈಗ ಸಿಂಧನೂರಿನಲ್ಲಿ ಮಗಳ ಮನೆಯ ಹತ್ತಿರ ಇದ್ದಾನೆ. ಗಣಿಯಲ್ಲಿದ್ದರೂ ಚಿನ್ನ ಅಗೆದವನಲ್ಲ. ಗಣಿಯ ಬಾಯಲ್ಲಿ ನಿಂತು, ಕೆಲಸಗಾರರನ್ನು ಆಳಕ್ಕೆ ಇಳಿಸಿ ಮೇಲೆತ್ತುವ ಕೇಜು ಎಂಬ ಕಬ್ಬಿಣದ ಪಂಜರವನ್ನು ಕಾಯ್ದವನು. ಅಲ್ಲಿ ಕೆಳಗಿನವರು ಮೇಲಿನವರೊಂದಿಗೆ ಮಾತಾಡುವುದು ಗಂಟೆಯಿಂದ. ಕೇಜು ಚಲಿಸುತ್ತಿರುವಾಗ ಒಂದು ಗಂಟೆ ಬಂದರೆ ನಿಲ್ಲಿಸು ಎಂದರ್ಥ. ಎರಡು ಬಂದರೆ ಇಳಿಸು. ಮೂರು ಬಂದರೆ, ಒಳಗಿರುವುದು ಕಲ್ಲಲ್ಲ, ಮನುಷ್ಯರು, ಹುಷಾರು.

ನಾನು ಬೆಳೆದದ್ದು ಲಿಂಗಸುಗೂರಿನಲ್ಲಿ. ಬೇಸಿಗೆ ರಜೆ ಬಂದರೆ ಹಟ್ಟಿಯ ಬಸ್ಸು ಹತ್ತಿ ಮಾವನ ಕ್ವಾರ್ಟರ್ಸಿಗೆ ಹೋಗುತ್ತಿದ್ದೆ. ಸಾಲುಮನೆಗಳು, ಮುಂದೆ ಬೇವಿನ ಗಿಡ, ಅದರಡಿ ನೀರಿನ ಹರವಿ. ಶಿಫ್ಟು ಮುಗಿಸಿ ಬಂದ ಮಾವ ಹಗಲೆಲ್ಲ ಮಲಗುತ್ತಿದ್ದ. ಮನೆಯಲ್ಲಿ ಗುಸುಗುಸು ಮಾತು ಮಾತ್ರ. ಅತ್ತೆ ಕೂಗುವ ಬದಲು ಹಿತ್ತಾಳೆಯ ಗಂಗಾಳವನ್ನು ಸೌಟಿನಿಂದ ಮೆಲ್ಲಗೆ ಬಡಿದು ನಮ್ಮನ್ನೆಲ್ಲ ಗಣಿಯ ಭಾಷೆಯಲ್ಲೇ ಆಳುತ್ತಿದ್ದಳು. ಒಂದು ಬಡಿದರೆ ಆಟ ನಿಲ್ಲಿಸಬೇಕು. ಎರಡು ಬಡಿದರೆ ಗಿಡ ಇಳಿಯಬೇಕು. ಮೂರನ್ನು ಮಾತ್ರ ಅವಳೂ ಬಡಿಯುತ್ತಿರಲಿಲ್ಲ. ಯಾಕೆ ಎಂದು ತಿಳಿಯುವ ಕುತೂಹಲಕ್ಕೆ ಒಂದು ಮಧ್ಯಾಹ್ನ ನಾನೇ ಬಡಿದೆ. ಗೊರಕೆ ಹೊಡೆಯುತ್ತಿದ್ದ ಮಾವ ಚಾಪೆಯಿಂದ ನೆಟ್ಟಗೆ ಎದ್ದು ನಿಂತ, ಬಲಗೈ ತಾನಾಗಿ ಗೋಡೆಯ ಕಡೆ ಚಾಚಿತ್ತು, ಕಣ್ಣು ಇನ್ನೂ ಮುಚ್ಚಿಯೇ ಇತ್ತು. ಕಣ್ಣು ತೆರೆದು ಸೌಟು ಹಿಡಿದ ನನ್ನನ್ನು ನೋಡಿದ. ಬೆನ್ನು ಮುರಿಯುತ್ತಾನೆ ಎಂದುಕೊಂಡೆ, ಹೊಡೆಯಲಿಲ್ಲ.

‘ಮೂರು ಮಾತ್ರ ಸುಳ್ಳು ಬಾರಿಸಬಾರ್ದಲೇ,’ ಎಂದ. ‘ಉಳಿದದ್ದು ಏನರ ಸುಳ್ಳು ಹೇಳು.’

ಈ ಎರಡನೇ ಮಾತನ್ನು ಅನುಮತಿ ಎಂದೇ ತಿಳಿದು ನಾನು ಬೆಳೆದೆ. ಹೆಂಡತಿಯ ಹತ್ತಿರ ಇವತ್ತಿಗೂ ಆ ಅನುಮತಿಯನ್ನು ಬಳಸುತ್ತೇನೆ.

ಜವಳಿ ಅಂಗಡಿಗೆ ಸೇರಿದ ದಿನವೇ ಮಾವ ಮಷೀನಿನ ಕಂಪನಿಯ ಇಂಜಿನಿಯರನನ್ನು ಕೇಳಿದ್ದನಂತೆ, ಗಂಟೆ ಎಲ್ಲಿ ಎಂದು. ಗಂಟೆ ಬೇಕಿಲ್ಲ, ಸುತ್ತ ನಾಲ್ಕು ಮೂಲೆಗೆ ಬೆಳಕಿನ ಕಣ್ಣುಗಳಿವೆ, ಬೆಕ್ಕು ದಾಟಿದರೂ ಮಷೀನು ನಿಲ್ಲುತ್ತದೆ ಎಂದು ಆತ ವಿವರಿಸಿದ. ಹೊರಗಿನ ಬೆಕ್ಕು ಸರಿ, ಕಾರಿನ ಒಳಗೆ ಯಾರಾದರೂ ಉಳಿದರೆ ಎಂದು ಮಾವ ಕೇಳಿದ. ಎಲ್ಲರೂ ಇಳಿಯಬೇಕು ಎಂದು ಬೋರ್ಡು ಬರೆಸಿದ್ದೇವಲ್ಲ ಎಂದ ಇಂಜಿನಿಯರ. ಬೋರ್ಡು ಓದುವ ಮಂದಿ ಒಂದು ಕಾರಿನಲ್ಲಿ ಒಂಬತ್ತು ಜನ ಕೂತು ಬರುವುದಿಲ್ಲ ಎಂದ ಮಾವ.

ಗಣಿಯಲ್ಲಿ ಇಳಿಯುವ ಪ್ರತಿಯೊಬ್ಬನಿಗೂ ಒಂದು ಬಿಲ್ಲೆ ಇರುತ್ತಿತ್ತು. ಶಿಫ್ಟು ಮುಗಿದಾಗ ಅಷ್ಟೂ ಬಿಲ್ಲೆ ಹಲಗೆಯ ಮೊಳೆಗೆ ಮರಳಿದರೆ ಎಲ್ಲರೂ ಮೇಲೆ ಬಂದರೆಂದು ಲೆಕ್ಕ. ಮಾವ ಪಾತ್ರೆ ಅಂಗಡಿಯಲ್ಲಿ ನಂಬರು ಹೊಡೆಸಿದ ಹಿತ್ತಾಳೆ ಬಿಲ್ಲೆಗಳನ್ನು ಮಾಡಿಸಿ ತಂದ, ಗೋಡೆಗೆ ಮೊಳೆಗಳ ಹಲಗೆ ಹೊಡೆದ. ಕಾರು ಗೇಟಿಗೆ ಬಂದ ಕೂಡಲೇ ತಲೆಗೊಂದು ಬಿಲ್ಲೆ. ಇಳಿದವರು ಅದನ್ನು ಮೊಳೆಗೆ ತಗುಲಿಸಿಯೇ ಅಂಗಡಿಯೊಳಗೆ ಹೋಗಬೇಕು. ಒಂದು ಕಮ್ಮಿಯಾದರೂ ಗುಂಡಿ ಒತ್ತುವಂತಿಲ್ಲ.

ಕೇಳಲು ಚೆನ್ನಾಗಿಯೇ ಇದೆ. ಆದರೆ ನಮ್ಮ ಕಡೆಯ ಹೆಂಗಸರ ಕೈಗೆ ಯಾರಾದರೂ ಏನಾದರೂ ಕೊಟ್ಟರೆ, ಅದು ಅಡಿಕೆಯಾಗಲಿ, ಉತ್ತತ್ತಿಯಾಗಲಿ, ಹಿತ್ತಾಳೆಯಾಗಲಿ, ಮೊದಲು ಸೆರಗಿನ ತುದಿಗೆ ಹೋಗಿ ಗಂಟಾಗುತ್ತದೆ. ಜವಳಿ ತೆಗೆಯಲು ಬಂದವರಿಗೆ ಬಾಗಿಲಲ್ಲೇ ಹಳದಿ ಬಿಲ್ಲೆ ಕೊಟ್ಟರೆ ಅದು ಅಂಗಡಿಯವರ ಮರ್ಯಾದೆ ಎಂದೇ ಅವರು ತಿಳಿದರು. ಬಿಲ್ಲೆಗಳು ಗಂಟಿನಲ್ಲಿ ಕೂತು ಮನೆಗೆ ಹೋದವು. ಮಾವ ಮಷೀನು ನಿಲ್ಲಿಸಿ ಅಂಗಡಿಯ ಮೂರೂ ಅಂತಸ್ತು ಹತ್ತಿ, ಯಾರ ಸೆರಗಿನಲ್ಲಿದೆ ಎಂದು ಕೈಮುಗಿದು ಕೇಳುತ್ತ ತಿರುಗುತ್ತಿದ್ದ. ಒಂದು ಸಲ ಹದಿನಾಲ್ಕನೇ ನಂಬರಿಗಾಗಿ ಒಂದೂವರೆ ತಾಸು ಕಾರುಗಳೆಲ್ಲ ಗಾಳಿಯಲ್ಲೇ ನಿಂತವು. ವಾರದ ಮೇಲೆ ಅದು ಮುಕ್ಕುಂದದಲ್ಲಿ ಒಂದು ಆಡಿನ ಕೊರಳಲ್ಲಿ ಸಿಕ್ಕಿತು. ಆಡಿನ ಯಜಮಾನಿತಿ ಅದನ್ನು ಬಿಚ್ಚಿ ಕೊಡಲು ಸುತರಾಂ ಒಪ್ಪಲಿಲ್ಲವಂತೆ.

ಸಾಹುಕಾರರು ಒಳ್ಳೆಯವರು, ಆದರೆ ಗಿರಾಕಿಗಳು ಗೊಣಗುತ್ತಿದ್ದರು. ಸಾಹುಕಾರರ ಮಾತಿನ ಮೇಲೆ ನಾನೇ ಒಂದು ಭಾನುವಾರ ಮಾವನ ಮನೆಗೆ ಹೋಗಿ, ಕಾಗದದ ಮೇಲೆ ಗೀಟು ಹಾಕಿ, ಬೆಳಕಿನ ಕಣ್ಣು ಹೇಗೆ ಕೆಲಸ ಮಾಡುತ್ತದೆ ಎಂದು ಪಾಠ ಮಾಡಿದೆ. ಯಂತ್ರ ತಪ್ಪುವುದಿಲ್ಲ ಎಂಬ ಮಾತನ್ನೂ ಹೇಳಿದೆ, ಎಸೆಯಲು ಸೀಮೆಸುಣ್ಣ ಇರಲಿಲ್ಲ ಅಷ್ಟೇ. ಮಾವ ಪೂರ್ತಿ ಕೇಳಿದ. ಆಮೇಲೆ, ನೋಡುವುದು ಬೇರೆ, ಎಣಿಸುವುದು ಬೇರೆ ಎಂದು ಹೇಳಿ ನನಗೆ ಚಹಾ ತರಿಸಿದ. ಗಣಿಯ ಹಳೇ ಕಾಲದ ಮನುಷ್ಯ, ಇವನಿಗೆ ತಿಳಿಯುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಅವನನ್ನು ನಪಾಸು ಮಾಡಿದೆ.

ಇಷ್ಟಾದ ಮೇಲೆ ನನ್ನ ನಾದಿನಿಯ ಮಗಳ ಮದುವೆ ಗೊತ್ತಾಯಿತು. ಜವಳಿಗೆಂದು ಮಸ್ಕಿಯಿಂದ ಸಿಂಧನೂರಿಗೆ ಹೊರಟೆವು. ಏಳು ಜನರ ಕಾರಿನಲ್ಲಿ ಎಂಟು ಹೆಂಗಸರು ಮತ್ತು ನಾನು. ದಾರಿಯಲ್ಲಿ ಚಕ್ರಕ್ಕೆ ಗಾಳಿ ಹಿಡಿಸುವ ನೆಪ ಮಾಡಿ ಇಳಿದು, ನಾಲ್ಕು ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಸೀಟಿನ ಅಡಿ ಸೇರಿಸಿದೆ. ಡಾಕ್ಟರು ನನಗೆ ಎಣ್ಣೆಯದು ಬಿಡಿಸಿ ಆರು ತಿಂಗಳಾಗಿತ್ತು. ಆರು ತಿಂಗಳಿಂದ ರೇಣುಕಾ ಒಗ್ಗರಣೆಗೂ ಚಮಚದಲ್ಲಿ ಅಳೆದು ಹಾಕುತ್ತಾಳೆ. ಗಾಳಿ ಹಿಡಿಸಿದ ಮೇಲೂ ಕಾರಿನಲ್ಲಿ ಏನೋ ಘಮಘಮ ಎನ್ನುತ್ತಿದೆಯಲ್ಲ ಎಂದು ನನ್ನ ನಾದಿನಿ ಅಂದಳು. ಹೊರಗಿನ ವಾಸನೆ ಎಂದು ಕಿಟಕಿ ಏರಿಸಿದೆ.

ಗೇಟಿನಲ್ಲಿ ಮಾವ ಒಂಬತ್ತು ಬಿಲ್ಲೆ ಎಣಿಸಿ ಕೊಟ್ಟ. ಮುಖ ಬಾಡಿತ್ತು. ಕಿಟಕಿಯ ಹತ್ತಿರ ಬಗ್ಗಿ ನನಗೆ ಮಾತ್ರ ಕೇಳುವಂತೆ ಹೇಳಿದ: ‘ಇವತ್ತೊಂದಿನ ಯಾರೂ ಸೆರಗಿಗೆ ಕಟ್ಟಬ್ಯಾಡ್ರಿ ಅಂತ ನಿಮ್ಮ ಮಂದಿಗೆ ಹೇಳಪಾ. ಇನ್ನೊಮ್ಮಿ ಸುಳ್ಳೇ ಮಷೀನ್ ನಿಂತಿತಂದ್ರ ಬಿಲ್ಲಿ ಬಂದ್, ನನ್ನ ಒಳಗ ಸೀರಿ ಮಡಚಾಕ ಹಾಕತಾರಂತ.’

ನಾನು ಕ್ಲಾಸಿನ ದನಿಯಲ್ಲಿ ಎಂಟೂ ಜನರಿಗೆ ಅಪ್ಪಣೆ ಮಾಡಿದೆ. ಅವರು ಹೇಳಿದ ಹಾಗೆ ಕೇಳಿದರು. ಸಾಲಾಗಿ ಇಳಿದು, ಸಾಲಾಗಿ ಎಂಟು ಬಿಲ್ಲೆ ಮೊಳೆಗೆ ತಗುಲಿಸಿ, ಸೀರೆಯ ಕಡೆ ಓಡಿದರು. ನಾನು ಕಾರನ್ನು ಹಲಗೆಯ ಮೇಲೆ ಒಯ್ದು ನಿಲ್ಲಿಸಿದೆ, ಎಂಜಿನ್ ಆರಿಸಿದೆ. ಒಳಗೆ ಹೋದರೆ ಐದು ತಾಸು ಸೀರೆ, ಸುತ್ತ ಎಂಟು ಜೊತೆ ಕಣ್ಣು. ಬಜ್ಜಿಗೆ ಇದೇ ಮುಹೂರ್ತ ಎನಿಸಿತು. ಎರಡು ನಿಮಿಷ ಸಾಕು ಎಂದುಕೊಂಡು, ಪರದೆ ಇರುವ ಹಿಂದಿನ ಸೀಟಿಗೆ ದಾಟಿ, ತಲೆ ಕಾಣದಂತೆ ಜಾರಿ ಕೂತು, ಕಾಗದ ಬಿಚ್ಚಿದೆ.

ಮೊದಲನೇ ಬಜ್ಜಿಯ ವಿಷಯ ನಾನು ವರ್ಣಿಸುವುದಿಲ್ಲ. ಆರು ತಿಂಗಳು ಬಿಟ್ಟು ತಿಂದವರಿಗೆ ಹೇಳಬೇಕಿಲ್ಲ, ಬಿಡದವರಿಗೆ ಹೇಳಿದರೂ ತಿಳಿಯುವುದಿಲ್ಲ.

ಎರಡನೆಯದು ಅರ್ಧವಾಗಿತ್ತು. ಹೊರಗೆ ಮಾತು ಏರಿತು. ಅವಸರದ ಗಿರಾಕಿಯೊಬ್ಬರು ತಮ್ಮ ಕಾರು ಇಳಿಸಿ ಎನ್ನುತ್ತಿದ್ದರು, ಅದು ತೊಟ್ಟಿಲಿನ ತುದಿಯಲ್ಲಿತ್ತು. ತಪಾಸಣೆಗೆ ಬಂದಿದ್ದ ಇಂಜಿನಿಯರ, ಸರಿ ಒತ್ತಿ ಎಂದ. ಮಾವ, ಒಂಬತ್ತು ಕೊಟ್ಟೀನಿ, ಎಂಟು ಬಂದಾವ ಎಂದ. ಇನ್ನೊಂದು ಸೆರಗಿನಲ್ಲಿರುತ್ತದೆ ಎಂದು ಇಂಜಿನಿಯರ ನಕ್ಕ. ಮಷೀನಿನ ಪರದೆ ತೋರಿಸಿ, ಖಾಲಿ ಅಂತ ಹಸಿರು ಬಂದಿದೆ ನೋಡಿ, ಆ ಮಾಸ್ತರು ಜೇಬಿನಲ್ಲಿಟ್ಟುಕೊಂಡು ಮೇಲೆ ಹೋಗಿದ್ದಾರೆ ಎಂದ. ಸಾಹುಕಾರರೂ ಬಂದರು. ಗಿರಾಕಿಗಳು ಸೇರಿದರು, ಯಾರೋ ಆಡಿನ ಕೊರಳಿನ ಕತೆ ತೆಗೆದರು, ಎಲ್ಲರೂ ನಕ್ಕರು.

ಬಿಲ್ಲೆ ನನ್ನ ಅಂಗಿಯ ಜೇಬಿನಲ್ಲಿತ್ತು. ಬಾಗಿಲು ತೆರೆದು ಹೊರಗೆ ಬಂದಿದ್ದರೆ ಕತೆ ಅಲ್ಲೇ ಮುಗಿಯುತ್ತಿತ್ತು, ಮಾವನ ಮಾತು ಗೆಲ್ಲುತ್ತಿತ್ತು. ನನಗೆ ಅದು ಚೆನ್ನಾಗಿಯೇ ಗೊತ್ತಿತ್ತು. ಆದರೆ ಬಾಯಿ ತುಂಬ ಬಜ್ಜಿ, ಮೀಸೆಗೆ ಎಣ್ಣೆ, ಹೊರಗೆ ಅರ್ಧ ಸಿಂಧನೂರು. ಕಾರಿನ ಹಿಂದಿನ ಸೀಟಿನಿಂದ ವಿಜ್ಞಾನದ ಮಾಸ್ತರ ಹೀಗೆ ಎದ್ದು ಬಂದರೆ ಏನೆಂದಾರು? ನುಂಗಿ, ಒರೆಸಿಕೊಂಡು, ಮರ್ಯಾದೆಯಿಂದ ಇಳಿಯುತ್ತೇನೆ, ಮಾವ ಹೇಗೂ ಬಿಡುವುದಿಲ್ಲವಲ್ಲ ಎಂದು ಧೈರ್ಯವಾಗಿದ್ದೆ. ಮಾವ ಮತ್ತೆರಡು ಸಲ ಇಲ್ಲ ಎಂದದ್ದು ಕೇಳಿತು. ಮೂರನೇ ಸಲ ಅವನ ದನಿ ತಗ್ಗಿತ್ತು.

‘ಆತು ಬಿಡ್ರಿ,’ ಎಂದ. ‘ಒತ್ರಿ.’

ಹಲಗೆ ಜಗ್ಗನೆ ಎದ್ದಿತು. ಕೈಯಲ್ಲಿದ್ದ ಅರ್ಧ ಬಜ್ಜಿ ನನಗಿಂತ ಮೊದಲು ಮೇಲೆ ಹೋಗಿ, ಚಾವಣಿಗೆ ಹತ್ತಿ, ತಿರುಗಿ ನನ್ನ ಬೋಳುತಲೆಯ ಮೇಲೆ ಬಿತ್ತು. ಕಲೆಯ ಮೂಲ ಇದು.

ಕೂಗಿದೆ. ಕಿಟಕಿಗಳೆಲ್ಲ ಏರಿದ್ದವು, ಏರಿಸಿದವನು ನಾನೇ, ಮೇಲಿಂದ ಸರಪಳಿಯ ಗದ್ದಲ. ಫೋನು ರೇಣುಕಾಳ ಬ್ಯಾಗಿನಲ್ಲಿತ್ತು. ಬಾಗಿಲು ತೆರೆದು ನೋಡಿದರೆ ಕಾಲಿಡಲು ನೆಲವಿರಲಿಲ್ಲ, ಮುಚ್ಚಿಬಿಟ್ಟೆ. ಈಗ ಒಂದು ವಿಚಿತ್ರ ಹೇಳುತ್ತೇನೆ, ನಗಬೇಡಿ. ಅಷ್ಟು ಭಯದಲ್ಲೂ ನನಗೆ ನಗು ಬಂತು. ಕಾರು ಮೆಲ್ಲಗೆ ತೂಗುತ್ತ ಏರುತ್ತಿತ್ತು. ಮೊದಲು ಆಟೋಗಳ ತಲೆ ಕಂಡವು, ಆಮೇಲೆ ಮಾಳಿಗೆಗಳ ಮೇಲೆ ಒಣಹಾಕಿದ ಸಂಡಿಗೆ, ಆಮೇಲೆ ಅಕ್ಕಿ ಗಿರಣಿಗಳ ಹೊಗೆ, ಅದರಾಚೆ ಕಾಲುವೆ, ಕಾಲುವೆಯಾಚೆ ಕಣ್ಣು ಹರಿಯುವಷ್ಟೂ ಹಸಿರು ಗದ್ದೆ. ಐವತ್ತು ವರ್ಷದಿಂದ ಸಿಂಧನೂರನ್ನು ನೋಡಿದ್ದೇನೆ, ಯಾವತ್ತೂ ಧೂಳು ಬಿಟ್ಟು ಬೇರೇನೂ ಕಂಡಿರಲಿಲ್ಲ. ಇಷ್ಟು ಚೆಂದದ ಊರು ಎಂದು ಗೊತ್ತಾಗಲು ಬಜ್ಜಿ ತಿಂದು ಆಕಾಶಕ್ಕೇರಬೇಕಾಯಿತು. ತಲೆ ಗಿರ್ರೆನ್ನುತ್ತಿತ್ತು, ಹೊಟ್ಟೆ ಹುಣ್ಣಾಗುವಂತೆ ಒಬ್ಬನೇ ನಗುತ್ತಿದ್ದೆ.

ಅಷ್ಟರಲ್ಲಿ ಅಂಗಡಿಯ ಮೇಲಂತಸ್ತಿನ ಗಾಜಿನ ಗೋಡೆ ನನ್ನ ಕಿಟಕಿಯ ಎದುರು ಬಂತು. ಗಾಜಿನಾಚೆ ರೇಣುಕಾ ಭುಜದ ಮೇಲೆ ಕೆಂಪು ಸೀರೆ ಹಾಕಿಕೊಂಡು ಬೆಳಕಿಗೆ ತಿರುಗಿ ನಿಂತಿದ್ದಳು. ಆಕಾಶದಲ್ಲಿ ಗಂಡ ಹಾದುಹೋಗುವುದು ಕಂಡಿತು. ನಾನು ಗಾಬರಿಯಲ್ಲಿ ಕೈಯೆತ್ತಿದೆ, ಕೈಯಲ್ಲಿ ಮೂರನೇ ಬಜ್ಜಿ ಇತ್ತು. ಅವಳು ಚೀರಲಿಲ್ಲ. ಮೊದಲು ಬಜ್ಜಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಆಮೇಲೆ ಸೀರೆ ಸಮೇತ ಮೆಟ್ಟಿಲ ಕಡೆ ಓಡಿದಳು.

ತುದಿ ಹತ್ತಿರ ಬಂದಾಗ ಸರಪಳಿ ಎಲ್ಲೋ ಕಿರ್ರೆಂದಿತು, ಕಾರು ಒಂದು ಕಡೆ ವಾಲಿದ ಹಾಗಾಯಿತು, ನನ್ನ ನಗು ಆರಿಹೋಯಿತು. ಒಬ್ಬನೇ ಇದ್ದೇನೆ, ಮಷೀನಿನ ಲೆಕ್ಕದಲ್ಲಿ ನಾನು ಇಲ್ಲವೇ ಇಲ್ಲ ಎನ್ನುವುದು ಆಗ ತಿಳಿಯಿತು. ಮುಂದಿನ ಸೀಟುಗಳ ನಡುವೆ ತೂರಿ ಹಾರ್ನಿಗೆ ಕೈ ಹಾಕಿದೆ. ಸುಮ್ಮನೆ ಒತ್ತಿ ಹಿಡಿಯಬೇಕೆಂದೇ ಹೋಗಿದ್ದೆ. ಆದರೆ ಕೈ ತಾನಾಗಿ ಬಿಡಿಬಿಡಿಯಾಗಿ ಒತ್ತಿತು. ಮೂರು ಸಲ.

ಕೆಳಗೆ ಇಂಜಿನಿಯರ, ಯಾವುದೋ ಕಾರಿನ ಅಲಾರಂ ಕೂಗುತ್ತಿದೆ ಎಂದನಂತೆ. ಮಾವ ಯಾರ ಮಾತನ್ನೂ ಕೇಳಲಿಲ್ಲವಂತೆ. ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಆಯಿತಂತೆ, ಅಷ್ಟರಲ್ಲಿ ಮಷೀನು ನಿಲ್ಲಿಸುವ ಕೆಂಪು ಗುಂಡಿ ಅವನ ಅಂಗೈಯ ಅಡಿ ಇತ್ತಂತೆ. ತೊಟ್ಟಿಲು ಗಕ್ಕನೆ ನಿಂತಿತು. ಮರುಕ್ಷಣ ಕೆಳಗಿನಿಂದ ಕಬ್ಬಿಣದ ಕಂಬಕ್ಕೆ ಏನೋ ಬಡಿದ ಸದ್ದು ಬಂತು. ಠಣ್, ಠಣ್, ಠಣ್. ಕೇಳಿಸಿತು, ಇದ್ದೀ ಅಂತ ಗೊತ್ತಾಯಿತು ಎಂದು ಅದರ ಅರ್ಥ. ನನಗೆ ಅಳು ಬಂತು. ಬಜ್ಜಿಯ ಖಾರ ಎಂದು ಎಲ್ಲರಿಗೂ ಹೇಳಿದ್ದೇನೆ, ಖಾರವಲ್ಲ.

ಇನ್ನು ಇಳಿಸು ಎನ್ನಬೇಕು. ಎರಡೋ ನಾಲ್ಕೋ? ಭಯದಲ್ಲಿ ಮರೆತುಹೋಯಿತು. ತಪ್ಪು ಒತ್ತಿದರೆ ಮಾವ ಇನ್ನೂ ಮೇಲೆ ಕಳಿಸುತ್ತಾನೆ ಎಂದು ಬೆವರಿದೆ. ರಾಟೆಯ ತುದಿಯಲ್ಲಿ ಕೂತವನು ಯಾವ ಕಡೆ ತಿರುಗಿದರೂ ಕೆಳಗೇ ಹೋಗುತ್ತಾನೆ ಎಂದು ಇಪ್ಪತ್ತೆರಡು ವರ್ಷ ರಾಟೆಯ ಪಾಠ ಮಾಡಿದವನಿಗೆ ಹೊಳೆಯಲಿಲ್ಲ. ಕೊನೆಗೆ ಅತ್ತೆಯ ಸೌಟನ್ನು ನೆನೆದು ಎರಡು ಒತ್ತಿದೆ.

ಇಳಿದು ಬಂದಾಗ ಕೆಳಗೆ ಮದುವೆಯಷ್ಟು ಮಂದಿ. ರೇಣುಕಾ ನನ್ನ ತೋಳು, ಎದೆ ಎಲ್ಲ ಮುಟ್ಟಿ ನೋಡಿದಳು. ಉಸಿರು ತೆಗೆದುಕೊಂಡ ಮೇಲೆ ಒಂದೇ ಮಾತು ಕೇಳಿದಳು: ‘ಎಷ್ಟು ತಿಂದ್ರಿ?’

ಒಂದೂವರೆ ಎಂದೆ. ನಂಬಲಿಲ್ಲ, ಕಾರಿನೊಳಗೆ ಹೋಗಿ ಉಳಿದದ್ದನ್ನು ಎಣಿಸಿ ಬಂದಳು. ಇಂಜಿನಿಯರನ ಮುಖ ಬಿಳಿಚಿತ್ತು. ಮಷೀನಿನ ಕಣ್ಣು ಹಲಗೆಯ ಸುತ್ತ ನೋಡುತ್ತದೆ, ಗಾಜಿನ ಒಳಗೆ ಅಲುಗಾಡದೆ ಕೂತವರನ್ನು ಕಾಣುವುದಿಲ್ಲ ಎಂದು ಅವನೇ ಒಪ್ಪಿಕೊಂಡ. ಪಾಪ, ಅವನ ಮಷೀನು ಹೇಳಿದ್ದನ್ನು ಹೇಳಿದ ಹಾಗೇ ಮಾಡಿತ್ತು. ಸಾಹುಕಾರರು ಎಲ್ಲರೆದುರು ಮಾವನ ಎಡಗೈ ಹಿಡಿದು, ಇನ್ನು ಮೇಲೆ ಬಿಲ್ಲೆ ಕಮ್ಮಿಯಾದರೆ ನಾನೇ ಬಂದು ಹೇಳಿದರೂ ಒತ್ತಬೇಡ ಎಂದರು. ಕುರ್ಚಿ ಎತ್ತಿ ನಿಲ್ಲಿಸಿದರು. ಮಾವ ಕೂರಲಿಲ್ಲ.

ಮಂದಿ ಚದುರಿದ ಮೇಲೆ ನಾನು ಜೇಬಿನಿಂದ ಬಿಲ್ಲೆ ತೆಗೆದು ಮೊಳೆಗೆ ತಗುಲಿಸಿ ಅವನ ಎದುರು ನಿಂತೆ. ಒಳಗೆ ಕೂತು ಎಲ್ಲ ಕೇಳಿಸಿಕೊಂಡೆ, ನಿನ್ನನ್ನು ನಗೆಪಾಟಲು ಮಾಡುವಾಗಲೂ ಸುಮ್ಮನಿದ್ದೆ, ತಪ್ಪಾಯಿತು ಎಂದೆ. ಬಯ್ಯುತ್ತಾನೆ ಎಂದುಕೊಂಡಿದ್ದೆ.

‘ನಂದೂ ತಪ್ಪಾತಲೇ,’ ಎಂದ ಮಾವ. ‘ಒಂಬತ್ತು ಕೊಟ್ಟೀನಿ, ಎಂಟು ಅದಾವ, ಕಣ್ಣಮುಂದ ಕಾಣಾಕತ್ತಾವ. ಗಣ್ಯಾಗ ಇದ್ದಾಗ ಒಂದಿನಾನೂ ಹಂಗ ಕೈ ಬಿಟ್ಟಾಂವಲ್ಲ. ಮಂದಿ ನಗ್ತಾರಂತ ಇವತ್ತು ಬಿಟ್ಟೆ. ನಿನಗ ಹೊರಗ ಬರಾಕ ನಾಚಿಕಿ, ನನಗ ನಿಲ್ಲಸಾಕ ನಾಚಿಕಿ. ಮಷೀನಿಗೇನು ನಾಚಿಕಿ ಐತಿ? ಅದು ಏರಿತು.’

ಹೇಳಿ ಮಾವ ನಗತೊಡಗಿದ. ನಾನೂ ನಕ್ಕೆ, ಕೆಂಪು ಸೀರೆಯನ್ನು ಇನ್ನೂ ಭುಜದ ಮೇಲೇ ಹೊತ್ತಿದ್ದ ರೇಣುಕಾ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕಾರು ನೆಲ ಮುಟ್ಟಿ ಕಾಲು ತಾಸಾಗಿತ್ತು, ಒಂಬತ್ತೂ ಬಿಲ್ಲೆ ಮೊಳೆಯಲ್ಲಿದ್ದವು. ಮಾವನ ಬಲಗೈ ಮಾತ್ರ, ಕಾರು ಇಳಿದಾಗ ಮತ್ತೆ ಅಲ್ಲಿಗೇ ಹೋಗಿ ಕೂತದ್ದು, ಇನ್ನೂ ಕೆಂಪು ಗುಂಡಿಯನ್ನು ಒತ್ತಿಯೇ ಹಿಡಿದಿತ್ತು.